ಇದಕ್ಕ ಕಿಟಕಿ ಎಲ್ಲಿ ಅದ?

ನಮ್ಮ ಕಲಬುರಗಿ ಕಡೆ ಜಾಸ್ತಿ ಮದುವೆಗಳು ಬಿಸಿಲಲ್ಲೇ ಆಗುತ್ತವೆ. ಏಪ್ರಿಲ್, ಮೇ ತಿಂಗಳು. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಹೊಲದ ಕೆಲಸ ಕಡಿಮೆ ಇರುತ್ತದೆ, ಬೀಗರಿಗೂ ಬಿಡುವು. ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ಊರು 42 ಡಿಗ್ರಿ ಮುಟ್ಟುವ ದಿನಗಳಲ್ಲೇ ನನ್ನ ಕಂಪ್ಯೂಟರ್‌ಗೂ ವರ್ಷದ ದೊಡ್ಡ ದುಡಿತ.

ಮೂರು ಬೇಸಿಗೆ ಹಿಂದಿನ ಮಾತು. ಬ್ರಹ್ಮಪುರದಲ್ಲಿ ನಮ್ಮ ಮನೆಯ ಮೇಲಿನ ಕೋಣೆಯೇ ನನ್ನ ಸ್ಟುಡಿಯೊ. ತಲೆಯ ಮೇಲೆ ನೇರ ಸ್ಲ್ಯಾಬು. ಮಧ್ಯಾಹ್ನ ಎರಡು ಗಂಟೆಗೆ ಗೋಡೆ ಮುಟ್ಟಿದರೂ ಬಿಸಿ. ಒಂದು ಮದುವೆಯ ಎರಡು ತಾಸಿನ ವಿಡಿಯೊ ರೆಂಡರ್‌ಗೆ ಹಾಕಿ, ಅಂದರೆ ಎಡಿಟ್ ಆದದ್ದನ್ನೆಲ್ಲ ಕೂಡಿಸಿ ಒಂದೇ ಫೈಲ್ ಮಾಡಲು ಬಿಟ್ಟು, ಊಟಕ್ಕೆ ಕೆಳಗೆ ಇಳಿದಿದ್ದೆ. ರೊಟ್ಟಿ ತಿಂದು ಮೇಲೆ ಬಂದರೆ ಪರದೆ ಕಪ್ಪು. ಕಂಪ್ಯೂಟರ್ ತಾನೇ ಬಂದ್ ಆಗಿತ್ತು. ಕರೆಂಟ್ ಹೋಗಿರಲಿಲ್ಲ, ಯುಪಿಎಸ್ ಸರಿ ಇತ್ತು. ಅದೇ ಫೈಲನ್ನು ರಾತ್ರಿ ಹನ್ನೊಂದಕ್ಕೆ ಹಾಕಿದೆ, ಮುಗಿಯಿತು. ಮರುದಿನ ಮಧ್ಯಾಹ್ನ ಇನ್ನೊಂದು ಫೈಲ್ ಹಾಕಿದೆ, ಮತ್ತೆ ಬಂದ್. ಮದುಮಗಳ ಅಪ್ಪ ದಿನಾ ಫೋನ್ ಮಾಡುತ್ತಿದ್ದರು. "ಎಂದ್ ಕೊಡ್ತೀರಿ?" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ತಾಪಮಾನ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿದೆ. ರೆಂಡರ್ ಶುರುವಾದ ಹತ್ತು ನಿಮಿಷಕ್ಕೆ ಪ್ರೊಸೆಸರ್ 97, 98. ನನ್ನ ಪ್ರೊಸೆಸರ್‌ನ ಮಿತಿ 100 ಡಿಗ್ರಿ. ಆ ಮಿತಿ ಹತ್ತಿರ ಬಂದರೆ ಅದು ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಓಡುವ ಎತ್ತು ಏದುಸಿರು ಬಿಟ್ಟು ನಡೆಯತೊಡಗಿದ ಹಾಗೆ. ಆಗ ಒಂದು ತಾಸಿನ ಕೆಲಸ ಎರಡು ತಾಸು ಹಿಡಿಯುತ್ತದೆ. ಅಷ್ಟಾದರೂ ಬಿಸಿ ಇಳಿಯದಿದ್ದರೆ, ಸುಟ್ಟುಹೋಗಬಾರದು ಅಂತ ತಾನೇ ಆರಿಬಿಡುತ್ತದೆ. ಯಂತ್ರ ಕೆಟ್ಟಿರಲಿಲ್ಲ. ತನ್ನ ಜೀವ ಉಳಿಸಿಕೊಳ್ಳುತ್ತಿತ್ತು.

ಕಂಪ್ಯೂಟರ್‌ನ ಭಾಗಗಳೆಲ್ಲ ಕೂತಿರುವ ಡಬ್ಬಿ, ಅಂದರೆ ಕ್ಯಾಬಿನೆಟ್ಟನ್ನು ನಾನು ಕಣ್ಣಿಗೆ ಚೆಂದ ಅಂತಲೇ ತಂದಿದ್ದೆ. ಮುಂದೆ ಪೂರ್ತಿ ಕಪ್ಪು ಗಾಜು. ಗಾಜಿನ ಹಿಂದೆ ಬಣ್ಣದ ಮೂರು ಫ್ಯಾನು. ಅಂಗಡಿಯಲ್ಲಿ ಹಚ್ಚಿ ತೋರಿಸಿದಾಗ ಶರಣಬಸವೇಶ್ವರ ಜಾತ್ರೆಯ ತೊಟ್ಟಿಲಿನ ಹಾಗೆ ತಿರುಗಿ ತಿರುಗಿ ಮಿಂಚುತ್ತಿತ್ತು. ಗಾಳಿ ಎಲ್ಲಿಂದ ಒಳಗೆ ಬರುತ್ತದೆ ಅಂತ ನಾನು ಕೇಳಲಿಲ್ಲ. ಗಾಜಿನ ಎರಡೂ ಪಕ್ಕ ಕಿರುಬೆರಳು ತೂರುವಷ್ಟು ಸಂದಿ ಇತ್ತು. ಮೂರು ಫ್ಯಾನ್ ಉಸಿರು ಎಳೆಯಬೇಕಾಗಿದ್ದು ಆ ಸಂದಿಯಿಂದ.

ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಕಾಕಾ. ಅವರು ಮೂವತ್ತು ವರ್ಷದಿಂದ ಪತ್ರಾ, ಅಂದರೆ ತಗಡಿನ, ಕೂಲರ್ ಕಟ್ಟುವವರು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅಂತಾರಲ್ಲ, ನಮ್ಮೂರಲ್ಲಿ ಆ ಹೊತ್ತಿಗೆ ಮನೆ ಮನೆಯಲ್ಲೂ ಅಟ್ಟದ ಮೇಲಿಂದ ಕೂಲರ್ ಇಳಿಯುತ್ತದೆ. ಹಳೆ ಹುಲ್ಲು ಕಿತ್ತು ಹೊಸ ಹುಲ್ಲು ತುಂಬೋದು, ಪಂಪು ತೊಳೆಯೋದು, ಮೋಟರ್‌ಗೆ ಎಣ್ಣೆ ಬಿಡೋದು. ಮಾರ್ಚ್‌ನಿಂದ ಜೂನ್‌ವರೆಗೆ ಕಾಕಾಗೆ ಕೂರಲು ಪುರುಸೊತ್ತಿಲ್ಲ. ಅವತ್ತು ನನ್ನ ಕೋಣೆಯ ಕೂಲರ್ ಪಂಪ್ ನೋಡಲು ಬಂದಿದ್ದರು. ಕೆಲಸ ಮುಗಿಸಿ ಎದ್ದವರು ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟರು.

"ಏನಪಾ, ಈ ಡಬ್ಬಿ ಹಿಂಗ್ಯಾಕ ಸುಡ್ಲತ್ತದ?"

"ಕೆಲಸ ಮಾಡ್ಲತ್ತದ ಕಾಕಾ, ಅದಕ್ಕ. ಒಳಗ ಮೂರು ಫ್ಯಾನ್ ಅವ."

"ಫ್ಯಾನ್ ಅವ, ಖರೇ. ಇದಕ್ಕ ಕಿಟಕಿ ಎಲ್ಲಿ ಅದ?"

ಕೂಲರ್ ಕೆಲಸದಲ್ಲಿ ಇದು ಮೊದಲ ಪಾಠ ಅಂತೆ. ಎಷ್ಟೋ ಜನ ಕೂಲರ್ ಹಚ್ಚಿ ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡು ಕೂರುತ್ತಾರೆ. ಒಂದು ತಾಸಿಗೆ ಕೋಣೆ ಪಸೆ ಪಸೆ, ಸೆಕೆ ಇನ್ನೂ ಜಾಸ್ತಿ. ಕೂಲರ್ ತಂದುಹಾಕುವ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು. ಆಗಲೇ ತಂಪು. ಕಾಕಾ ಹೊಸ ಗಿರಾಕಿಯ ಮನೆಗೆ ಹೋದರೆ ಕೂಲರ್ ಇಡುವ ಜಾಗ ಆಮೇಲೆ ನೋಡುತ್ತಾರೆ. ಮೊದಲು ಎದುರಿನ ಕಿಟಕಿ ಹುಡುಕುತ್ತಾರೆ.

ಅವರು ಹೋದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಕ್ಯಾಬಿನೆಟ್ಟಿನ ಮುಂದಿನ ಗಾಜು ಬಿಚ್ಚಿ ಪಕ್ಕಕ್ಕಿಟ್ಟು ಅದೇ ಫೈಲ್ ರೆಂಡರ್‌ಗೆ ಹಾಕಿದೆ. 98 ಇದ್ದದ್ದು 88ಕ್ಕೆ ನಿಂತಿತು. ಹತ್ತು ಡಿಗ್ರಿ! ಬರೀ ಒಂದು ಗಾಜು ತೆಗೆದಿದ್ದಕ್ಕೆ. ನಿಮ್ಮ ಕಂಪ್ಯೂಟರ್ ಬಿಸಿಯಾಗುತ್ತಿದ್ದರೆ ಹೊಸ ಫ್ಯಾನ್, ಹೊಸ ಕೂಲರ್ ಅಂತ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಿ. ಮುಚ್ಚಳ ತೆಗೆದಾಗ ಬಿಸಿ ಇಳಿದರೆ ತಪ್ಪು ಡಬ್ಬಿಯದ್ದು. ಇಳಿಯದಿದ್ದರೆ ಪ್ರೊಸೆಸರ್ ಮೇಲೆ ಕೂತು ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್, ಅವೆರಡರ ನಡುವೆ ಹಚ್ಚುವ ಪೇಸ್ಟ್ ಕಡೆ ನೋಡಬೇಕು.

ಇನ್ನೊಂದು ಮಾತು ಅವತ್ತೇ ಹೊಳೆಯಿತು. ಫ್ಯಾನ್ ಯಾವುದನ್ನೂ ಕೋಣೆಗಿಂತ ತಣ್ಣಗೆ ಮಾಡಲಾರದು. ಅದು ಒಳಗಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ, ಅಷ್ಟೇ. ನನ್ನ ಪ್ರೊಸೆಸರ್ ಪೂರ್ತಿ ದುಡಿಯುವಾಗ ಕೋಣೆಗಿಂತ 48 ಡಿಗ್ರಿ ಮೇಲಿರುತ್ತದೆ ಅಂತ ಇಟ್ಟುಕೊಳ್ಳಿ. 24 ಡಿಗ್ರಿ ಕೋಣೆಯಲ್ಲಿ ಅದು 72. 40 ಡಿಗ್ರಿ ಕೋಣೆಯಲ್ಲಿ 88. ಯಂತ್ರ ಅದೇ, ಫ್ಯಾನ್ ಅದೇ. ನಾನು ನೋಡಿ ಕಲಿತ ವಿಡಿಯೊಗಳೆಲ್ಲ ಎಸಿ ಕೋಣೆಯಲ್ಲಿ ಮಾಡಿದವು. ಆ ಕ್ಯಾಬಿನೆಟ್ ಕೂಡ ಅಂಥ ಕೋಣೆಗಾಗಿಯೇ ಹುಟ್ಟಿದ್ದು. ಅಲ್ಲಿ ಕಿರುಬೆರಳಿನ ಸಂದಿ ಸಾಕು. ಬ್ರಹ್ಮಪುರದ ಸ್ಲ್ಯಾಬಿನ ಕೆಳಗೆ ಸಾಲದು. ನೀರಿನ ಕೂಲಿಂಗ್ ಹಾಕಿಸು ಅಂತ ಗೆಳೆಯರು ಹೇಳಿದರು. ಅದೂ ಕಡೆಗೆ ರೇಡಿಯೇಟರ್ ಮೂಲಕ ಇದೇ ಕೋಣೆಯ ಗಾಳಿಗೇ ಬಿಸಿ ಬಿಡಬೇಕು, ಅಲ್ವಾ? ಡಬ್ಬಿಗೆ ಉಸಿರಾಡಲು ಬಾರದಿದ್ದರೆ ನೀರು ತಾನೇ ಏನು ಮಾಡೀತು?

ಚಿತ್ತಾಪುರ ತಾಲ್ಲೂಕಿನಲ್ಲಿ ನಮ್ಮ ಅವ್ವನ ತವರುಮನೆ ಇದೆ. ಮಾಳಿಗೆ ಮನೆ. ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದ್ ಪರಸಿ. ಅಡುಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಸಣ್ಣವನಿದ್ದಾಗ ಅದು ಬೆಳಕಿಗಷ್ಟೇ ಅಂದುಕೊಂಡಿದ್ದೆ. ಒಲೆ ಹೊತ್ತಿಸಿದಾಗ ನೋಡಬೇಕು. ಹೊಗೆ ನೇರ ಎದ್ದು ಆ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಹಿತ್ತಲ ಬಾಗಿಲಿಂದ ಕೆಳಗೆ ತಂಪು ಗಾಳಿ ನುಗ್ಗುತ್ತಿತ್ತು. ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ. ಅದು ಹೋದ ಜಾಗಕ್ಕೆ ಕೆಳಗಿಂದ ಹೊಸ ಗಾಳಿ ಬರುತ್ತದೆ. ನನ್ನ ಡಬ್ಬಿಗೂ ಹಿತ್ತಲ ಬಾಗಿಲು ಒಂದು, ಬೆಳಕಿಂಡಿ ಒಂದು ಬೇಕಿತ್ತು. ಹೊಸ ಕ್ಯಾಬಿನೆಟ್ ತರಬಹುದಿತ್ತು. ಕೈಯಿಂದಲೇ ಮಾಡಬೇಕು ಅನ್ನಿಸಿತು. ಕಾಕಾನ ಮನೆಯಲ್ಲಿ ಬೆಳೆದವನು ನಾನು, ಪತ್ರಾ ಕತ್ತರಿಸುವ ಸದ್ದು ಕೇಳಿಯೇ ಎಷ್ಟೋ ಸಲ ನಿದ್ದೆ ಮಾಡಿದ್ದೇನೆ.

ಮುಂದಿನ ಗಾಜನ್ನೇ ಕೊರೆದು ತೂತು ಮಾಡೋಣ ಅಂತ ಮೊದಲು ಯೋಚಿಸಿದ್ದೆ. ಹಾಗೆ ಮಾಡಬಾರದು. ಅದು ಟೆಂಪರ್ಡ್ ಗಾಜು. ಡ್ರಿಲ್ ತಾಗಿದ ಗಳಿಗೆಯಲ್ಲೇ ಇಡೀ ಹಾಳೆ ಸಕ್ಕರೆ ಹರಳಿನಂತೆ ಪುಡಿಯಾಗುತ್ತದೆ. ಹಾಗಾಗಿ ಗಾಜು ಪೂರ್ತಿ ತೆಗೆದು, ಆ ಜಾಗಕ್ಕೆ ಅಕ್ರಿಲಿಕ್ ಚೌಕಟ್ಟು, ಚೌಕಟ್ಟಿಗೆ ಜಾಲಿ ಅಂತ ತೀರ್ಮಾನ ಮಾಡಿದೆ.

ಅಕ್ರಿಲಿಕ್ ಹುಡುಕಿಕೊಂಡು ಸೂಪರ್ ಮಾರ್ಕೆಟ್ ಕಡೆ ಒಂದು ಬೋರ್ಡ್ ಅಂಗಡಿಗೆ ಹೋದೆ. ಅಂಗಡಿಗಳಿಗೆ, ದವಾಖಾನೆಗಳಿಗೆ ಹೆಸರಿನ ಬೋರ್ಡ್ ಮಾಡಿಕೊಡುವ ಅಂಗಡಿ. ಅಲ್ಲಿಯ ಭಾಯ್ ಹಿಂದಿನ ಕೋಣೆ ತೋರಿಸಿ, "ತುಕಡಾ ಬೇಕಾದಷ್ಟು ಅವ, ಆರಿಸ್ಕೊಳ್ರಿ" ಅಂದರು. ಅಲ್ಲಿ ಒಂದು ಮೂಲೆಯಲ್ಲಿ ಹಳೆಯ ಬೋರ್ಡುಗಳ ರಾಶಿ ಇತ್ತು. 'ಗುಲಬರ್ಗಾ' ಅಂತ ಬರೆದವು. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಕಲಬುರಗಿ ಆಯಿತಲ್ಲ, ಆಗ ಬದಲಿಸಿ ಕಿತ್ತು ತಂದವಂತೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ನೀಲಿ ಎಲ್‌ಇಡಿ ಮಾಡಿದ್ದಕ್ಕೆ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಕೆಂಪು, ಹಸಿರು ಎಲ್‌ಇಡಿ ಮೊದಲೇ ಇದ್ದವು. ನೀಲಿ ಸಿಗದೆ ಬಿಳಿ ಬೆಳಕು ಮಾಡಲು ಆಗುತ್ತಿರಲಿಲ್ಲ. ಈಗ ನಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬ್ ಕೂಡ ನಿಜವಾಗಿ ನೀಲಿ ದೀಪವೇ, ಮೇಲೆ ಹಳದಿ ಫಾಸ್ಫರ್ ಲೇಪ. ಆ ಅಂಗಡಿಯಲ್ಲಿ ಹೊಸ 'ಕಲಬುರಗಿ' ಅಕ್ಷರಗಳ ಹಿಂದೆಲ್ಲ ಅದೇ ದೀಪ ಉರಿಯುತ್ತಿತ್ತು.

3 ಮಿಲಿಮೀಟರ್ ದಪ್ಪದ ಒಂದು ಪಾರದರ್ಶಕ ತುಂಡು ಆರಿಸಿದೆ. ಹೊರಡುವಾಗ ಕೌಂಟರ್ ಮೇಲೆ ಒಂದು ಬಿಸ್ಕೀಟ್ ಡಬ್ಬಿ ಕಂಡಿತು. ಒಳಗೆ ತುಂಬಾ ಸಣ್ಣ ಸಣ್ಣ ಅಕ್ರಿಲಿಕ್ ಬಿಲ್ಲೆಗಳು. ಕೆಂಪು, ಬಿಳಿ, ಹಳದಿ. ಏನಿವು ಅಂತ ಕೇಳಿದೆ. "ಅಕ್ಷರದ ಹೊಟ್ಟಿ ಅವು" ಅಂದರು ಭಾಯ್. ಮಷಿನ್‌ನಲ್ಲಿ ಅಕ್ಷರ ಕತ್ತರಿಸುವಾಗ ಸೊನ್ನೆಯ ಒಳಗಿನ ದುಂಡು ತುಂಡು ಉದುರುತ್ತದೆ. ಅಂಗಡಿ ಹೆಸರಲ್ಲಿ ಸೊನ್ನೆಗೇನು ಬರ? 'ಮಂದಿರ' ಅಂದರೆ ಒಂದು, 'ಸೆಂಟರ್' ಅಂದರೆ ಒಂದು. ನಾನು ಒಂದು ಹಿಡಿ ಕೇಳಿದೆ. ಕಾಸು ತಗೊಳ್ಳಲಿಲ್ಲ. ಈ ಬಿಲ್ಲೆಗಳ ಕಥೆ ಆಮೇಲೆ ಹೇಳುತ್ತೇನೆ.

ಅಕ್ರಿಲಿಕ್ ಕತ್ತರಿಸುವುದನ್ನು ಭಾಯ್ ಅವರೇ ಕಲಿಸಿದರು. ಹಳೆಯ ಹ್ಯಾಕ್ಸಾ ಬ್ಲೇಡನ್ನು ಗ್ರೈಂಡರ್‌ಗೆ ಹಿಡಿದು ಕೊಕ್ಕೆಯ ಹಾಗೆ ಮೂತಿ ಮಾಡಿರುತ್ತಾರೆ. ಸ್ಕೇಲ್ ಗಟ್ಟಿಯಾಗಿ ಹಿಡಿದು ಆ ಕೊಕ್ಕೆಯಿಂದ ಒಂದೇ ಗೆರೆಯ ಮೇಲೆ ಎಳೆಯಬೇಕು. ಮೊದಲ ಎಳೆತ ಹಗುರ. ಅದು ದಾರಿ ಮಾಡಿಕೊಡುತ್ತದೆ. ಎರಡನೆಯದರಿಂದ ಬಿಳಿ ಎಳೆ ಸುರುಳಿ ಸುರುಳಿಯಾಗಿ ಏಳುತ್ತದೆ, ಕೊಬ್ಬರಿ ತುರಿಯ ಹಾಗೆ. ಎಂಟು ಹತ್ತು ಸಲ ಎಳೆದ ಮೇಲೆ ಗೆರೆ ಹಾಳೆಯ ಅರ್ಧ ದಪ್ಪಕ್ಕೆ ಇಳಿದಿರುತ್ತದೆ. ಆಗ ಗೆರೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಕೂರಿಸಿ, ಈ ಕಡೆ ಅಂಗೈ ಒತ್ತಿ ಹಿಡಿದು, ಆ ಕಡೆ ಒಮ್ಮೆ ಕೆಳಕ್ಕೆ ತಟ್ಟಬೇಕು. 'ಟಕ್' ಅಂತ ಒಂದು ಸದ್ದು. ಅಂಚು ನೇರ. ಅನುಮಾನದಿಂದ ನಿಧಾನಕ್ಕೆ ಬಗ್ಗಿಸಿದರೆ ಗೆರೆ ಬಿಟ್ಟು ಓರೆ ಒಡೆಯುತ್ತದೆ. ನಾನು ಎರಡು ತುಂಡು ಹಾಗೆ ಕಳೆದುಕೊಂಡ ಮೇಲೆ ಕೈಗೆ ಹದ ಬಂತು.

ತೂತು ಕೊರೆಯುವುದು ಇನ್ನೂ ನಾಜೂಕು. ಅಕ್ರಿಲಿಕ್ ನೂರು ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಡ್ರಿಲ್ ಜೋರಾಗಿ ತಿರುಗಿದರೆ ತುದಿಯಲ್ಲಿ ಅಷ್ಟು ಬಿಸಿ ಬಂದೇ ಬರುತ್ತದೆ. ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಸುತ್ತಿಕೊಂಡು, ಆರಿದ ಕೂಡಲೇ ಹಿಡಿದು ಒಡೆದುಬಿಡುತ್ತದೆ. ಕೆಳಗೆ ಮರದ ತುಂಡು ಇಟ್ಟು, ಮೇಲೆ ಟೇಪ್ ಅಂಟಿಸಿ, ನಿಧಾನ ವೇಗದಲ್ಲಿ, ಆಗಾಗ ಎತ್ತಿ, ಒಂದೆರಡು ಹನಿ ನೀರು ಬಿಡುತ್ತಾ ಕೊರೆಯಬೇಕು. ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ. ಬಿಸಿಲಿಗೆ ಅಕ್ರಿಲಿಕ್ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ನಮ್ಮೂರಿನ ಜನವರಿಗೂ ಮೇಗೂ ಇರುವ ಅಂತರ ಗೊತ್ತಲ್ಲ, ಬಿಗಿಯಾಗಿ ಕೂತ ಸ್ಕ್ರೂ ಬೇಸಿಗೆಯಲ್ಲಿ ಹಾಳೆಯನ್ನೇ ಸೀಳುತ್ತದೆ. ಅಂಚುಗಳನ್ನು 400, 800, 1200 ನಂಬರಿನ ಪಾಲಿಶ್ ಪೇಪರ್ ನೀರಲ್ಲಿ ಅದ್ದಿ ತಿಕ್ಕಿದೆ. ಮೊದಲು ಅಂಚು ಮಜ್ಜಿಗೆಯ ಬಣ್ಣ ಇತ್ತು. ತಿಕ್ಕುತ್ತಾ ತಿಕ್ಕುತ್ತಾ ತಿಳಿಯಾಯಿತು.

ಚೌಕಟ್ಟಿನ ಮೂಲೆಗಳನ್ನು ಕೂಡಿಸಿದ್ದು ಕ್ಲೋರೋಫಾರಂನಿಂದ. ಬೋರ್ಡ್ ಅಂಗಡಿಗಳಲ್ಲಿ ಇದೇ ರೂಢಿ. ಅದು ಅಂಟು ಅಂತ ಜನ ತಿಳಿದಿದ್ದಾರೆ. ಅದು ಅಕ್ರಿಲಿಕ್ಕನ್ನೇ ಕರಗಿಸುತ್ತದೆ. ಎರಡು ಅಂಚು ಕರಗಿ ಒಂದಾಗಿ, ಕ್ಲೋರೋಫಾರಂ ಆವಿಯಾಗಿ ಹೋದ ಮೇಲೆ ಅದು ಒಂದೇ ತುಂಡು. ಸಿರಿಂಜ್‌ನ ಸೂಜಿ ಸಂದಿಗೆ ತಾಗಿಸಿದರೆ ಸಾಕು, ದ್ರವ ತಾನೇ ಒಳಗೆ ಓಡುತ್ತದೆ. ಮಸುಕಾಗಿದ್ದ ಸಂದಿ ಆ ತುದಿಯಿಂದ ಈ ತುದಿಗೆ ಸರ್ರನೆ ಪಾರದರ್ಶಕವಾಗುವುದನ್ನು ನೋಡುವುದೇ ಒಂದು ಖುಷಿ. ಇದನ್ನು ಮಾಳಿಗೆ ಮೇಲೆ, ಗಾಳಿಗೆ ಬೆನ್ನು ಕೊಟ್ಟು, ಕೈಗವಸು ಹಾಕಿ ಮಾಡಿದೆ. ಮುಚ್ಚಿದ ಕೋಣೆಯಲ್ಲಿ ದಯವಿಟ್ಟು ಮಾಡಬೇಡಿ. ಅದರ ಹಬೆ ಒಳ್ಳೆಯದಲ್ಲ.

ಬೆಳಕಿಂಡಿಯ ಕೆಲಸಕ್ಕೆ ಕಾಕಾ ಬಂದರು. ಎಲ್ಲ ಭಾಗ ಕೂಡಿಸುವ ಮದರ್‌ಬೋರ್ಡ್, ಕರೆಂಟ್ ಹಂಚುವ ಎಸ್‌ಎಂಪಿಎಸ್, ವೈರು, ಎಲ್ಲ ಬಿಚ್ಚಿ ಮಂಚದ ಮೇಲೆ ಜೋಡಿಸಿಟ್ಟು ಬರೀ ಡಬ್ಬಿಯನ್ನು ಅಂಗಳಕ್ಕೆ ಒಯ್ದೆವು. ಇದು ಕಡ್ಡಾಯ. ಪತ್ರಾ ಕೊರೆದಾಗ ಬೀಳುವ ಕಬ್ಬಿಣದ ಪುಡಿಯ ಒಂದು ಚೂರು ಮದರ್‌ಬೋರ್ಡ್ ಮೇಲೆ ಉಳಿದರೂ ಶಾರ್ಟ್ ಆಗಬಹುದು. ಮೇಲಿನ ಪತ್ರಾದಲ್ಲಿ ಕಾಕಾ ಕೈವಾರದಿಂದ ದುಂಡು ಎಳೆದು, ಗೆರೆಯ ಒಳಗೇ ಸಾಲಾಗಿ ಸಣ್ಣ ತೂತು ಕೊರೆದು, ನಡುವಿನ ಬಿಲ್ಲೆ ತೆಗೆದು, ಅರದಿಂದ ಉಜ್ಜಿ ನುಣುಪು ಮಾಡಿದರು. 120 ಮಿಲಿಮೀಟರ್ ಫ್ಯಾನ್ ಅಲ್ಲಿ ಕೂತಿತು. ಅಂಚಿಗೆ ಯು ಆಕಾರದ ರಬ್ಬರ್ ಪಟ್ಟಿ. ಕಾಕಾನ ಕೈಯಲ್ಲಿ ಆ ದುಂಡು ನಲವತ್ತು ನಿಮಿಷದಲ್ಲಿ ಮುಗಿಯಿತು. ನಾನೊಬ್ಬನೇ ಆಗಿದ್ದರೆ ಇಡೀ ದಿನ.

ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಮತ್ತು ಮೇಲೆ ಒಂದು ಹೊರಕ್ಕೆ. ಒಳಗೆ ಎಳೆಯುವ ಫ್ಯಾನ್‌ಗಳ ವೇಗ ಸ್ವಲ್ಪ ಜಾಸ್ತಿ ಇಟ್ಟೆ. ಇದಕ್ಕೆ ನಮ್ಮೂರಿನ ದೂಳೇ ಕಾರಣ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಜಾಸ್ತಿ ಇದ್ದರೆ, ಉಳಿದ ಸಣ್ಣ ಸಂದಿಗಳಿಂದೆಲ್ಲ ಗಾಳಿ ಹೊರಗೇ ತಳ್ಳಿಕೊಂಡು ಹೋಗುತ್ತದೆ. ಆಗ ದೂಳಿಗೆ ಒಳಗೆ ಬರಲು ಇರುವ ದಾರಿ ಮುಂದಿನ ಜಾಲಿ ಒಂದೇ. ಆ ಜಾಲಿ ನಾವು ತೊಳೆಯಬಹುದು. ಸೊಳ್ಳೆ ಪರದೆಗೆ ಹಾಕುವ ನೈಲಾನ್ ಜಾಲಿಯನ್ನೇ ಅಕ್ರಿಲಿಕ್ ಚೌಕಟ್ಟಿಗೆ ಎಳೆದು ಕಟ್ಟಿದೆ. ಚೌಕಟ್ಟಿನ ಹಿಂದೆ ಮ್ಯಾಗ್ನೆಟ್ ಪಟ್ಟಿ. ಒಂದು ಕೈಯಲ್ಲಿ ಎಳೆದರೆ ಬಿಚ್ಚಿ ಬರುತ್ತದೆ.

ಇಲ್ಲಿ ಬಂದವು ನೋಡಿ ಆ ಸೊನ್ನೆಯ ಬಿಲ್ಲೆಗಳು. ಜಾಲಿಯ ಮುಂದೆ ಇನ್ನೊಂದು ಅಕ್ರಿಲಿಕ್ ಹಾಳೆ, ಬೆಳಕಿಗಾಗಿ, ಇರಬೇಕು ಅಂತ ನನಗೆ ಆಸೆ. ಹಾಳೆ ಹತ್ತಿರ ಬಂದರೆ ಮತ್ತೆ ಅದೇ ಗಾಜಿನ ಕಥೆ. ಗಾಳಿ ಹೋಗಲು ಎಷ್ಟು ಸಂದಿ ಬೇಕು? ಒಂದೊಂದೇ ಬಿಲ್ಲೆ ಮೂಲೆಗಳಲ್ಲಿ ಸೇರಿಸುತ್ತಾ ತಾಪಮಾನ ನೋಡಿದೆ. ಎರಡು ಬಿಲ್ಲೆಗೆ ಏನೂ ಫರಕಿಲ್ಲ. ಐದಕ್ಕೆ ಸ್ವಲ್ಪ ಇಳಿಯಿತು. ಹತ್ತು ಬಿಲ್ಲೆ ಒಂದರ ಮೇಲೊಂದು ಪೇರಿಸಿದಾಗ, ಅಂದರೆ 3 ಸೆಂಟಿಮೀಟರ್ ಸಂದಿ ಆದಾಗ, ಹಾಳೆ ಇದ್ದರೂ ಇಲ್ಲದಿದ್ದರೂ ಒಂದೇ. ಹಾಗಾಗಿ ನನ್ನ ಕ್ಯಾಬಿನೆಟ್ಟಿನ ಮುಖ ನಾಲ್ಕು ಕಂಬದ ಮೇಲೆ ನಿಂತಿದೆ. ಒಂದೊಂದು ಕಂಬದಲ್ಲೂ ಹತ್ತು ಸೊನ್ನೆ. ಯಾವ ಮಂದಿರ, ಯಾವ ಸೆಂಟರ್‌ನ ಸೊನ್ನೆಯೋ ಗೊತ್ತಿಲ್ಲ. ಕೆಂಪು, ಬಿಳಿ, ಹಳದಿ, ಮತ್ತೆ ಕೆಂಪು. ಕಂಬದ ಪಕ್ಕ ದೀಪ ಬಿದ್ದಾಗ ಬಳೆ ಅಂಗಡಿಯ ಕೋಲು ನೆನಪಾಗುತ್ತದೆ.

ದೀಪದ ಮಾತಿಗೆ ಬಂದೆ. ಮೊದಲ ಪಟ್ಟಿಯನ್ನು ನಾನು ಸುಟ್ಟುಹಾಕಿದೆ. ಎಲ್‌ಇಡಿ ಪಟ್ಟಿಯಲ್ಲಿ ಎರಡು ಜಾತಿ. ಒಂದು 12 ವೋಲ್ಟಿನದು, ನಾಲ್ಕು ಪಿನ್, ಇಡೀ ಪಟ್ಟಿ ಒಂದೇ ಬಣ್ಣ. ಇನ್ನೊಂದು 5 ವೋಲ್ಟಿನದು, ಮೂರು ಪಿನ್, ಒಂದೊಂದು ದೀಪದಲ್ಲೂ ಸಣ್ಣ ಚಿಪ್ ಇದ್ದು ಒಂದೊಂದಕ್ಕೆ ಒಂದೊಂದು ಬಣ್ಣ ಕೊಡಬಹುದು. ನಾನು ತಂದಿದ್ದು 5 ವೋಲ್ಟಿನದು. ಎಸ್‌ಎಂಪಿಎಸ್‌ನಿಂದ ಬರುವ ದೊಡ್ಡ ನಾಲ್ಕು ಪಿನ್ನಿನ ವೈರಿನಲ್ಲಿ ಹಳದಿ ಅಂದರೆ 12 ವೋಲ್ಟ್, ಕೆಂಪು ಅಂದರೆ 5, ಎರಡು ಕಪ್ಪು ಅರ್ತ್. ರಾತ್ರಿ ಒಂದು ಗಂಟೆಗೆ ನಿದ್ದೆಗಣ್ಣಲ್ಲಿ ಹಳದಿಗೆ ಜೋಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮೊದಲ ದೀಪ ಬಿಳಿ ಚುಕ್ಕೆಯಾಗಿ ಹೊಳೆದು ಸತ್ತಿತು. ಸುಟ್ಟ ವಾಸನೆ. ಮದರ್‌ಬೋರ್ಡ್ ಉಳಿದದ್ದೇ ಪುಣ್ಯ. ಅವತ್ತಿಂದ ಮಲ್ಟಿಮೀಟರ್ ಹಿಡಿದು ಅಳೆಯದೆ ಯಾವ ವೈರೂ ಜೋಡಿಸುವುದಿಲ್ಲ.

ಇನ್ನೊಂದು ಲೆಕ್ಕವೂ ಮುಖ್ಯ. ಆ ಚಿಪ್ಪಿನ ದೀಪ ಪೂರ್ತಿ ಬಿಳಿ ಉರಿದರೆ ಒಂದಕ್ಕೆ ಸುಮಾರು 60 ಮಿಲಿ ಆಂಪಿಯರ್ ಎಳೆಯುತ್ತದೆ. ಮೀಟರಿಗೆ 60 ದೀಪದ ಪಟ್ಟಿ ಆದರೆ 3.6 ಆಂಪಿಯರ್. ಮದರ್‌ಬೋರ್ಡಿನ ದೀಪದ ಪಿನ್ನಿಗೆ ಸಾಮಾನ್ಯವಾಗಿ ಅಷ್ಟು ತಾಕತ್ತು ಇರುವುದಿಲ್ಲ. ಹೆಚ್ಚಿನವಕ್ಕೆ 3 ಆಂಪಿಯರ್ ಮಿತಿ. ಕಡೆಗೆ ನಾನು ಹಾಕಿದ್ದು 12 ವೋಲ್ಟಿನ ಸಾದಾ ಬಿಳಿ ಪಟ್ಟಿ. ಇದರಲ್ಲಿ ಮೂರು ದೀಪ, ಒಂದು ರೆಸಿಸ್ಟರ್ ಒಂದು ಗುಂಪು. ಒಂದೊಂದು ದೀಪಕ್ಕೆ ಮೂರು ವೋಲ್ಟ್ ಚಿಲ್ಲರೆ ಬೇಕು, ಮೂರು ಸೇರಿ ಒಂಬತ್ತು ದಾಟುತ್ತದೆ, ಉಳಿದದ್ದನ್ನು ರೆಸಿಸ್ಟರ್ ನುಂಗುತ್ತದೆ. ಹಾಗಾಗಿಯೇ ಅದನ್ನು ಮೂರು ದೀಪಕ್ಕೊಮ್ಮೆ, ಕತ್ತರಿ ಗುರುತು ಇರುವ ಕಡೆಯೇ ಕತ್ತರಿಸಬೇಕು.

ಬಣ್ಣದ ದೀಪ ಬಿಟ್ಟಿದ್ದಕ್ಕೆ ಕಾರಣ ನನ್ನ ಕೆಲಸ. ಮದುವೆ ವಿಡಿಯೊದಲ್ಲಿ ಬಣ್ಣವೇ ಪ್ರಾಣ. ಅರಿಶಿನ ಹಚ್ಚಿದ ಕೆನ್ನೆ, ಕುಂಕುಮ, ಹಸಿರು ಬಳೆ. ಪಕ್ಕದಲ್ಲಿ ನೀಲಿ, ನೇರಳೆ ದೀಪ ಓಡಾಡುತ್ತಿದ್ದರೆ ಕಣ್ಣು ಮೋಸ ಹೋಗುತ್ತದೆ. ಅರಿಶಿನಕ್ಕೆ ಬೇಡದ ಬಣ್ಣ ಸೇರಿಸಿಬಿಡುತ್ತೇವೆ. ಬಣ್ಣ ತಿದ್ದುವ ಕೋಣೆಯಲ್ಲಿ ಪರದೆಯ ಹಿಂದೆ 6500 ಕೆಲ್ವಿನ್‌ನ, ಅಂದರೆ ಹಗಲಿನಂಥ, ಬಿಳಿ ಬೆಳಕು ಮಂದವಾಗಿ ಇರಬೇಕು ಅನ್ನುವುದು ಈ ಕೆಲಸದ ರೂಢಿ. ನಾನು ಕ್ಯಾಬಿನೆಟ್ಟಿಗೂ ಅದೇ ಬಿಳಿ ಹಾಕಿದೆ.

ದೀಪದ ಪಟ್ಟಿ ಇರುವುದು ಮುಂದಿನ ಹಾಳೆಯ ಕೆಳ ಅಂಚಿನಲ್ಲಿ, ಒಂದು ಅಲ್ಯುಮಿನಿಯಂ ಕಾಲುವೆಯೊಳಗೆ ಅಡಗಿ. ಅಂಚಿನಿಂದ ಒಳಗೆ ಹೋದ ಬೆಳಕು ಹಾಳೆಯ ಎರಡು ಮುಖಗಳ ನಡುವೆ ಪುಟಿಯುತ್ತಾ ಮೇಲಕ್ಕೆ ಓಡುತ್ತದೆ. ಅಕ್ರಿಲಿಕ್‌ನೊಳಗಿಂದ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಕಿರಣ ಹೊರಗೆ ಬರಲಾರದು, ಕನ್ನಡಿಗೆ ಬಡಿದ ಹಾಗೆ ಒಳಕ್ಕೇ ತಿರುಗುತ್ತದೆ. ಹಾಳೆಯ ಮೇಲೆ ಎಲ್ಲಿ ಗೀರು ಇದೆಯೋ ಅಲ್ಲಿ ಮಾತ್ರ ಬೆಳಕು ಹೊರಬೀಳುತ್ತದೆ. ಅಂದರೆ ಗೀಚಿದ ಗೆರೆಯೇ ದೀಪ. ನಾನು ತೊಗರಿಯ ಒಂದು ಟೊಂಗೆ ಗೀಚಿದೆ. ಮೂರು ಮೂರು ಎಲೆ, ನಡುವೆ ಹೂವು, ಕೆಳಗೆ ಜೋತ ಕಾಯಿ. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಈ ಊರಿನದೇ ಬೆಳೆ ಅನ್ನುವ ಜಿಐ ಗುರುತು ಬಂತು, ಅದು ಎಲ್ಲರಿಗೂ ಗೊತ್ತು. ನಾನು ಗೀಚಿದ್ದು ಅವ್ವನ ತವರಿನ ಹೊಲದಿಂದ ಮುರಿದು ತಂದ ಟೊಂಗೆ ನೋಡಿಕೊಂಡು. ಅವ್ವ ನೋಡಿ, "ಕಾಯಿ ಇಷ್ಟ್ ನೆಟ್ಟಗ ಇರಂಗಿಲ್ಲ, ನಡು ನಡು ಚಿವುಟಿದಂಗ ಇರ್ತದ" ಅಂದಳು. ತಿದ್ದಿದೆ. ಹೌದು, ಕಾಳಿನ ನಡುವೆ ಓರೆಯಾಗಿ ಚಿವುಟಿದ ಗುರುತು ಬಂದ ಮೇಲೆಯೇ ಅದು ತೊಗರಿ ಕಾಯಿ ಆಯಿತು.

ಆ ಹಾಳೆಯನ್ನು ಎರಡು ಸಲ ಮಾಡಬೇಕಾಯಿತು. ಮೊದಲನೆಯದನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿದ್ದೆ. ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ತೆಗೆಯಲು ತಂದಿದ್ದ ಬಾಟಲಿ ಕೈಗೆ ಸಿಕ್ಕಿತು, ಅದರಲ್ಲೇ ಒರೆಸಿದೆ. ಸ್ವಲ್ಪ ಹೊತ್ತಿಗೆ ತೂತುಗಳ ಸುತ್ತ ಕೂದಲೆಳೆಯ ಬಿರುಕು. ನೀರಿನ ಮೇಲೆ ಮಂಜು ಕಟ್ಟಿದ ಹಾಗೆ. ಕೊರೆದ, ಬಗ್ಗಿಸಿದ ಕಡೆ ಅಕ್ರಿಲಿಕ್‌ನೊಳಗೆ ಬಿಗಿತ ಉಳಿದಿರುತ್ತದೆ. ಸ್ಪಿರಿಟ್ ಅಲ್ಲಿಗೆ ಇಳಿದು ಬಿರುಕು ಬಿಡಿಸುತ್ತದೆ. ಅಕ್ರಿಲಿಕ್‌ಗೆ ಸೋಪಿನ ನೀರು, ಮೆತ್ತನೆ ಅರಿವೆ. ಬೇರೆ ಏನೂ ಬೇಡ. ಪೇಸ್ಟ್ ವಿಷಯ ಬಂತು ಅಂತ ಹೇಳುತ್ತೇನೆ, ಪ್ರೊಸೆಸರ್ ನಡುವೆ ಒಂದು ತೊಗರಿ ಕಾಳಿನಷ್ಟು ಇಟ್ಟರೆ ಸಾಕು. ಹೀಟ್‌ಸಿಂಕ್ ಒತ್ತಿದಾಗ ತಾನೇ ಹರಡುತ್ತದೆ.

ಎಲ್ಲ ಜೋಡಿಸಿದ ದಿನ ಸಂಜೆ ಊದಿನಕಡ್ಡಿ ಹಚ್ಚಿ ಕ್ಯಾಬಿನೆಟ್ ಮುಂದೆ ಹಿಡಿದೆ. ಅವ್ವ ಪೂಜೆ ಅಂದುಕೊಂಡಳು. ಪೂಜೆಯೂ ಆಯಿತು ಅನ್ನಿ, ನಾನು ಗಾಳಿಯ ದಾರಿ ನೋಡುತ್ತಿದ್ದೆ. ಹೊಗೆ ಜಾಲಿಯ ಮುಂದೆ ಒಂದು ಗಳಿಗೆ ತಡೆದು, ಬಾಗಿ, ಒಳಗೆ ಎಳೆದುಕೊಂಡು ಹೋಯಿತು. ಪಕ್ಕದ ಪಾರದರ್ಶಕ ಹಾಳೆಯಿಂದ ನೋಡಿದರೆ ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಸ್ವಲ್ಪ ಸುತ್ತಿ, ಮೇಲೆದ್ದು, ಕಾಕಾ ಕೊರೆದ ದುಂಡಿನಿಂದ ಹೊರಗೆ ಬಂತು. ಅವ್ವನ ತವರುಮನೆಯ ಅಡುಗೆಮನೆಯ ಹೊಗೆಯೇ ಅದು. ಕಾಕಾ ಅಂಗೈಯನ್ನು ಮೇಲಿನ ಫ್ಯಾನ್ ಮೇಲೆ ಹಿಡಿದು, "ಈಗ ಉಸಿರು ಬಿಡ್ಲತ್ತದ ನೋಡು" ಅಂದರು.

ಅದೇ ಮೇ ತಿಂಗಳ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆ, ಅದೇ ಫೈಲ್. 86ಕ್ಕೆ ನಿಂತಿತು. ಕೋಣೆಯ ಕೂಲರ್ ಹಚ್ಚಿ ಎದುರಿನ ಕಿಟಕಿ ತೆರೆದ ಮೇಲೆ 77. ಒಣ ಹವೆಯಲ್ಲಿ ನೀರು ಆವಿಯಾಗುತ್ತಾ ಗಾಳಿಯ ಬಿಸಿಯನ್ನೇ ಹೀರಿಕೊಳ್ಳುತ್ತದೆ. ಕೋಣೆ ಒಂಬತ್ತು ಹತ್ತು ಡಿಗ್ರಿ ಇಳಿದರೆ ಪ್ರೊಸೆಸರ್ ಕೂಡ ಅಷ್ಟೇ ಇಳಿಯುತ್ತದೆ. ಕಂಪ್ಯೂಟರ್‌ಗೆ ಪಸೆ ಹಿಡಿಯುವುದಿಲ್ಲವೇ ಅಂತ ತುಂಬಾ ಜನ ಕೇಳುತ್ತಾರೆ. ಗಾಳಿಯ ನೀರು ಹನಿಯಾಗಿ ಕೂರುವುದು ಗಾಳಿಗಿಂತ ತಣ್ಣಗಿರುವ ವಸ್ತುವಿನ ಮೇಲೆ. ಓಡುತ್ತಿರುವ ಕಂಪ್ಯೂಟರ್ ಒಳಗೆ ಎಲ್ಲವೂ ಗಾಳಿಗಿಂತ ಬಿಸಿ. ಆದರೆ ಕೂಲರ್ ಮುಖಕ್ಕೆ ನೇರವಾಗಿ ಇಡಬೇಡಿ. ಹುಲ್ಲಿನಿಂದ ಹಾರುವ ಹನಿಯಲ್ಲಿ ನಮ್ಮ ಬೋರ್‌ವೆಲ್ ನೀರಿನ ಉಪ್ಪೂ ಬರುತ್ತದೆ. ನನ್ನ ಕ್ಯಾಬಿನೆಟ್ ಕೂಲರ್‌ಗೆ ಅಡ್ಡಡ್ಡವಾಗಿ, ಒಂದು ಶಹಾಬಾದ್ ಕಲ್ಲಿನ ತುಂಡಿನ ಮೇಲೆ, ನೆಲದಿಂದ ಒಂದು ಗೇಣು ಎತ್ತರದಲ್ಲಿದೆ. ಕಸ ಗುಡಿಸುವಾಗ ಏಳುವ ದೂಳು ಅಷ್ಟು ಮೇಲೆ ಕಡಿಮೆ.

ಭಾನುವಾರಕ್ಕೊಮ್ಮೆ ಜಾಲಿ ತೊಳೆಯುತ್ತೇನೆ. ಬಚ್ಚಲಲ್ಲಿ ನೀರು ಬಿಟ್ಟರೆ ಆ ವಾರದ ಊರು ಹರಿದು ಹೋಗುತ್ತದೆ. ಜನವರಿಯಲ್ಲಿ ತೊಗರಿ ರಾಶಿಯ ಹೊಟ್ಟು, ಏಪ್ರಿಲ್‌ನಲ್ಲಿ ರಸ್ತೆಯ ಬೂದು ದೂಳು, ಜೂನ್‌ನ ಮೊದಲ ಗಾಳಿಮಳೆ ಆದ ಮೇಲೆ ಎರೆಮಣ್ಣಿನ ಕಪ್ಪು. ಇಷ್ಟೆಲ್ಲ ಮೊದಲು ಮದರ್‌ಬೋರ್ಡ್ ಮೇಲೆ ಕೂರುತ್ತಿತ್ತು.

ಕಳೆದ ವಾರ ಸೇಡಂನಿಂದ ಒಬ್ಬ ಗೆಳೆಯ ತನ್ನ ಫೋಟೊ ಸ್ಟುಡಿಯೊದ ಕಂಪ್ಯೂಟರ್ ತಂದಿಟ್ಟು ಹೋಗಿದ್ದಾನೆ. ಅದೇ ಕಪ್ಪು ಗಾಜು, ಅದೇ ಕಿರುಬೆರಳಿನ ಸಂದಿ. ನಿನ್ನೆ ಬೋರ್ಡ್ ಅಂಗಡಿಗೆ ಹೋಗಿದ್ದೆ. ನನ್ನನ್ನು ಕಂಡ ಕೂಡಲೇ ಭಾಯ್ ಕೌಂಟರ್ ಕೆಳಗಿಂದ ಬಿಸ್ಕೀಟ್ ಡಬ್ಬಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು. ಮುಕ್ಕಾಲು ತುಂಬಿತ್ತು. ಈ ಸಲ ಹಸಿರೂ ಇದ್ದವು.